ಆಟದಲ್ಲಿ ಕೂಡಿಟ್ಟ ಗಂಟು ಕರಗುವ ಮುನ್ನ

2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಸೆಕ್ಷನ್ 69ಎ ಅಡಿಯಲ್ಲಿ 118 ಆ್ಯಪ್‌ಗಳನ್ನು ನಿಷೇಧಿಸಿತು. ಆ ಪಟ್ಟಿಯಲ್ಲಿ ಪಬ್‌ಜಿ ಮೊಬೈಲ್ ಇತ್ತು. ಮೊದಲೇ ಫೋನಿಗೆ ಇಳಿಸಿಕೊಂಡಿದ್ದವರು ಇನ್ನೂ ಕೆಲವು ವಾರ ಆಡುತ್ತಿದ್ದರು. ಅಕ್ಟೋಬರ್ 30ಕ್ಕೆ ಭಾರತದವರಿಗೆ ಸರ್ವರ್‌ನ ಬಾಗಿಲೇ ಮುಚ್ಚಿತು. ಲಾಕ್‌ಡೌನ್‌ನ ತಿಂಗಳುಗಳಲ್ಲಿ ಹಗಲು ರಾತ್ರಿ ಕೂತು ಏರಿಸಿದ ರ‍್ಯಾಂಕ್, ಯುಸಿ ಎಂಬ ಆಟದ ನಾಣ್ಯ ಹಾಕಿಸಿ ಕೊಂಡ ಗನ್ ಸ್ಕಿನ್, ಬೇರೆ ಬೇರೆ ಊರಿನ ಹುಡುಗರು ಸೇರಿ ಕಟ್ಟಿಕೊಂಡ ಸ್ಕ್ವಾಡು ಎಲ್ಲವೂ ಒಂದೇ ದಿನದಲ್ಲಿ ಕೈಗೆಟುಕದಂತಾದವು.

ಮರುವರ್ಷ ಜುಲೈ 2ರಂದು ಅದೇ ಆಟ ಬಿಜಿಎಂಐ ಎಂಬ ಹೆಸರಿನಲ್ಲಿ ಬಂತು. ಹಳೆಯ ಆಟವನ್ನು ಫೇಸ್‌ಬುಕ್, ಟ್ವಿಟರ್‌ನಂಥ ಖಾತೆಗೆ ಜೋಡಿಸಿಕೊಂಡಿದ್ದವರು ತಮ್ಮ ಸ್ಕಿನ್ನು, ಲೆವೆಲ್ಲುಗಳನ್ನು ಹೊಸದಕ್ಕೆ ತಂದುಕೊಳ್ಳಲು ಕಂಪನಿ ಅವಕಾಶ ಕೊಟ್ಟಿತು. ಆ ವರ್ಷದ ಕೊನೆಗೆ ಆ ಅವಕಾಶವೂ ಮುಗಿಯಿತು. ಗೊತ್ತಿದ್ದವರು ತಂದುಕೊಂಡರು. ಗೊತ್ತಾಗದವರು, ಫೋನು ಬದಲಿಸಿದವರು, ಪಾಸ್‌ವರ್ಡ್ ಮರೆತವರು ಕಳೆದುಕೊಂಡರು.

ಈ ಪ್ರಸಂಗದಿಂದ ನಮ್ಮ ಹುಡುಗರು ಕಲಿತ ಪಾಠವೇ ನನ್ನನ್ನು ಕಳವಳಕ್ಕೆ ಈಡುಮಾಡಿರುವುದು. ‘ಸರ್ವರ್‌ನಲ್ಲಿ ಇದ್ದದ್ದು ಎಲ್ಲೂ ಹೋಗುವುದಿಲ್ಲ, ಇವತ್ತಲ್ಲ ನಾಳೆ ಬರುತ್ತದೆ’ ಎಂಬ ಭರವಸೆ ಅವರಲ್ಲಿ ಬೇರೂರಿತು. ಆದರೆ ಅಂದು ಹೋದದ್ದು ಮರಳಿದ್ದು ಕಂಪನಿಗೆ ಆ ಗಿರಾಕಿಗಳು ಮತ್ತೆ ಬೇಕಾಗಿದ್ದರಿಂದ. ಮರಳಿಸಲೇಬೇಕೆಂಬ ಕಾನೂನಿನ ಕಟ್ಟುಪಾಡು ಯಾರ ಮೇಲೂ ಇರಲಿಲ್ಲ, ಇವತ್ತಿಗೂ ಇಲ್ಲ. ಆಟದ ಸರ್ವರ್‌ಗಳ ಇತಿಹಾಸವನ್ನೂ ಅವು ಕೆಲಸ ಮಾಡುವ ಬಗೆಯನ್ನೂ ಬಲ್ಲವರಿಗೆ ಕಾಣುವ ಚಿತ್ರ ಬೇರೆ. ಇನ್ನು ಹತ್ತು ಹದಿನೈದು ವರ್ಷಗಳಲ್ಲಿ ಈಗಿನ ಮಕ್ಕಳು ಆನ್‌ಲೈನ್ ಆಟಗಳಲ್ಲಿ ಕೂಡಿಡುತ್ತಿರುವುದರಲ್ಲಿ ಬಹುಪಾಲು ಅಳಿಯಲಿದೆ. ಯಾವ ದಿನ ಎಂದು ಹೇಳಲಾಗದು. ಯಾವ ದಾರಿಯಲ್ಲಿ ಎಂದು ಮಾತ್ರ ಸ್ಪಷ್ಟವಾಗಿ ಹೇಳಬಹುದು.

ಮೊದಲ ದಾರಿ ತೀರಾ ಸಣ್ಣದು, ದಿನನಿತ್ಯ ಎಲ್ಲೋ ಒಂದು ಕಡೆ ನಡೆಯುತ್ತಲೇ ಇರುವಂಥದ್ದು. ಅದನ್ನು ಅರಿಯಲು ಮೈನ್‌ಕ್ರಾಫ್ಟ್‌ನಷ್ಟು ಒಳ್ಳೆಯ ಉದಾಹರಣೆ ಇಲ್ಲ, ಏಕೆಂದರೆ ಅದರ ಸರ್ವರನ್ನು ಯಾರು ಬೇಕಾದರೂ ಮನೆಯ ಕಂಪ್ಯೂಟರಿನಲ್ಲಿ ನಡೆಸಬಹುದು, ಅದರ ಫೈಲುಗಳನ್ನು ತೆರೆದು ನೋಡಬಹುದು. ಮೈನ್‌ಕ್ರಾಫ್ಟ್‌ನ ಸರ್ವರ್ ಸೆಕೆಂಡಿಗೆ 20 ಬಾರಿ ಇಡೀ ಜಗತ್ತಿನ ಲೆಕ್ಕ ಹಾಕುತ್ತದೆ. ಯಾರು ಎಲ್ಲಿ ನಿಂತಿದ್ದಾರೆ, ಯಾವ ಪೆಟ್ಟಿಗೆಯಲ್ಲಿ ಏನಿದೆ, ಯಾವ ಗಿಡ ಎಷ್ಟು ಬೆಳೆದಿದೆ ಎಂಬುದೆಲ್ಲ ಆ ಹೊತ್ತಿಗೆ ಇರುವುದು ರ‍್ಯಾಮ್‌ನಲ್ಲಿ. ಕರೆಂಟು ಹೋದರೆ ರ‍್ಯಾಮ್ ಬರಿದು. ಹಾಗೆಂದು ಪ್ರತಿ ಬದಲಾವಣೆಯನ್ನೂ ಅದು ಆದ ಕ್ಷಣವೇ ಡಿಸ್ಕಿಗೆ ಬರೆಯುತ್ತ ಕೂತರೆ ಆಟ ತೆವಳತೊಡಗುತ್ತದೆ. ಹಾಗಾಗಿ ಜಾವಾ ಆವೃತ್ತಿಯ ಸಾಮಾನ್ಯ ಸರ್ವರ್ ಸುಮಾರು ಐದು ನಿಮಿಷಕ್ಕೊಮ್ಮೆ ತಾನಾಗಿಯೇ ಡಿಸ್ಕಿಗೆ ಬರೆದುಕೊಳ್ಳುತ್ತದೆ. ಸಂತೆಯ ದಿನ ವ್ಯಾಪಾರ ಜೋರಾಗಿರುವಾಗ ಅಂಗಡಿಯವರು ಕೊಟ್ಟದ್ದನ್ನೂ ತಂದದ್ದನ್ನೂ ಚೀಟಿಯಲ್ಲಿ ಗೀಚಿಟ್ಟುಕೊಂಡು, ಕೈ ಬಿಡುವಾದಾಗ ಲೆಕ್ಕದ ಪುಸ್ತಕಕ್ಕೆ ಏರಿಸುವುದಿಲ್ಲವೇ, ಹಾಗೆ. ಆ ನಡುವೆ ಚೀಟಿ ಕಳೆದರೆ ಪುಸ್ತಕದ ಪ್ರಕಾರ ಆ ವ್ಯಾಪಾರ ನಡೆದೇ ಇಲ್ಲ.

ಐದು ನಿಮಿಷದ ಆಟ ಹೋದರೆ ಹೋಗಲಿ ಎನ್ನಬಹುದು. ತೊಡಕು ಇನ್ನೂ ಆಳದಲ್ಲಿದೆ. ಆಟಗಾರನ ಜೇಬಿನಲ್ಲಿರುವ ಸಾಮಾನು ಒಂದು ಫೈಲಿನಲ್ಲಿರುತ್ತದೆ, ಪ್ರತಿ ಆಟಗಾರನಿಗೂ ಅವನದೇ ಫೈಲು. ನೆಲ, ಮನೆ, ಪೆಟ್ಟಿಗೆಗಳೆಲ್ಲ ಬೇರೆಯೇ ಫೈಲುಗಳಲ್ಲಿ ಇರುತ್ತವೆ. ಇವೆರಡೂ ಒಂದೇ ಕ್ಷಣದಲ್ಲಿ ಡಿಸ್ಕಿಗೆ ಇಳಿಯಬೇಕೆಂದೇನೂ ಇಲ್ಲ. ಈಗ ಒಬ್ಬ ಹುಡುಗ ತನ್ನ ವಜ್ರದ ಗುದ್ದಲಿಯನ್ನು ಪೆಟ್ಟಿಗೆಯಲ್ಲಿಟ್ಟು ಲಾಗ್‌ಔಟ್ ಆದ ಎನ್ನೋಣ. ಹೊರಗೆ ಹೋಗುವಾಗ ಅವನ ಜೇಬಿನ ಫೈಲು ಕೂಡಲೇ ಬರೆಯಲ್ಪಡುತ್ತದೆ, ಅದರಲ್ಲಿ ಗುದ್ದಲಿ ಇಲ್ಲ. ಪೆಟ್ಟಿಗೆ ಇರುವ ನೆಲದ ಫೈಲು ಬರೆಯುವ ಮುನ್ನ ಸರ್ವರ್ ಕ್ರ್ಯಾಶ್ ಆದರೆ ಪೆಟ್ಟಿಗೆ ಹಳೆಯ ಸ್ಥಿತಿಗೆ ಮರಳುತ್ತದೆ. ಅಲ್ಲಿಯೂ ಗುದ್ದಲಿ ಇಲ್ಲ. ಯಾರೂ ಕದಿಯಲಿಲ್ಲ, ಯಾರೂ ಒಡೆಯಲಿಲ್ಲ, ಆದರೂ ಆ ವಸ್ತು ಲೋಕದಲ್ಲಿಯೇ ಇಲ್ಲವಾಯಿತು. ಇದನ್ನೇ ತಿರುಗಿಸಿ ನೋಡಿ. ಪೆಟ್ಟಿಗೆಯಿಂದ ಗುದ್ದಲಿ ತೆಗೆದುಕೊಂಡು ಹೊರಟಾಗ ಸರ್ವರ್ ಬಿದ್ದರೆ ಜೇಬಿನಲ್ಲೊಂದು, ಪೆಟ್ಟಿಗೆಯಲ್ಲೊಂದು, ಎರಡು ಗುದ್ದಲಿ. ಆನ್‌ಲೈನ್ ಆಟಗಳ ಆರಂಭದ ದಿನಗಳಿಂದಲೂ ಕೆಲವರು ಈ ಬಿರುಕನ್ನು ಬಲ್ಲರು. ಡ್ಯೂಪ್ ಮಾಡುವುದು ಎಂದು ಆಟಗಾರರು ಕರೆಯುವ ಮೋಸಕ್ಕೆ ಇದೊಂದು ಹಳೆಯ ದಾರಿ. ಮೋಸ ಮಿತಿಮೀರಿದಾಗ ನಿರ್ವಾಹಕರು ಇಡೀ ಸರ್ವರನ್ನು ಹಿಂದಿನ ಯಾವುದೋ ಗಂಟೆಗೆ ರೋಲ್‌ಬ್ಯಾಕ್ ಮಾಡುತ್ತಾರೆ. ಆಗ ಮೋಸಗಾರರ ನಕಲು ವಸ್ತುಗಳ ಜೊತೆ ನೆಟ್ಟಗೆ ಆಡಿದವರ ದುಡಿಮೆಯೂ ಅಳಿಸಿಹೋಗುತ್ತದೆ.

ಇದಕ್ಕೆ ವಿಜ್ಞಾನದಲ್ಲಿ ಉತ್ತರ ಇಲ್ಲವೆಂದಲ್ಲ. ಒಂದು ಕಡೆಯಿಂದ ಕಳೆದು ಇನ್ನೊಂದು ಕಡೆ ಕೂಡಿಸುವ ಕೆಲಸ ಪೂರ್ತಿ ಆಗಬೇಕು, ಇಲ್ಲವೇ ಆಗಲೇ ಇಲ್ಲ ಎನ್ನುವಂತಿರಬೇಕು ಎಂಬ ‘ಟ್ರಾನ್ಸಾಕ್ಷನ್’ ತತ್ತ್ವಕ್ಕೆ ಜಿಮ್ ಗ್ರೇ ಎಂಬ ವಿಜ್ಞಾನಿ ಅಡಿಪಾಯ ಹಾಕಿದರು. 1998ರಲ್ಲಿ ಅವರಿಗೆ ಟ್ಯೂರಿಂಗ್ ಪ್ರಶಸ್ತಿ ಬಂತು. ಅರ್ಧಕ್ಕೆ ನಿಂತ ಕೆಲಸವನ್ನು ಕ್ರ್ಯಾಶ್ ಆದ ಮೇಲೆ ಸರಿಪಡಿಸುವ ‘ಏರೀಸ್’ ಎಂಬ ವಿಧಾನವನ್ನು ಐಐಟಿ ಮದ್ರಾಸಿನಲ್ಲಿ ಓದಿದ ಸಿ. ಮೋಹನ್ ಅವರೂ ಐಬಿಎಂನ ಸಹೋದ್ಯೋಗಿಗಳೂ 1992ರಲ್ಲಿ ವಿವರವಾಗಿ ಪ್ರಕಟಿಸಿದರು. ಬ್ಯಾಂಕುಗಳ ಲೆಕ್ಕ ಉಳಿದಿರುವುದು ಇಂಥ ವಿಧಾನಗಳ ಬಲದಿಂದ. ಬ್ಯಾಂಕಿನ ಹಣ ಒಂದು ಖಾತೆಯಿಂದ ಹೋಗಿ ಇನ್ನೊಂದಕ್ಕೆ ಸೇರದೆ ನಡುವೆ ಆವಿಯಾಗುವುದನ್ನು ಯಾರೂ ಸಹಿಸುವುದಿಲ್ಲ, ಕಾನೂನೂ ಸಹಿಸುವುದಿಲ್ಲ. ಆಟದ ಸರ್ವರ್‌ಗೆ ವೇಗ ಮುಖ್ಯ; ಅಲ್ಲಿ ಈ ಕಟ್ಟುನಿಟ್ಟನ್ನು ಎಲ್ಲಿ ಪಾಲಿಸಬೇಕು, ಎಲ್ಲಿ ಸಡಿಲಿಸಬೇಕು ಎಂಬುದನ್ನು ತಯಾರಕರೇ ನಿರ್ಧರಿಸುತ್ತಾರೆ. ಆಟಗಾರನಿಗೆ ಅದು ತಿಳಿಯುವುದು ವಸ್ತು ಹೋದ ಮೇಲೆ.

ಎರಡನೆಯ ದಾರಿ ಯಂತ್ರಗಳದು. ಬ್ಯಾಕ್‌ಬ್ಲೇಜ್ ಎಂಬ ಅಮೆರಿಕದ ಸಂಗ್ರಹಣಾ ಕಂಪನಿ ತನ್ನ ಲಕ್ಷಾಂತರ ಹಾರ್ಡ್ ಡಿಸ್ಕುಗಳಲ್ಲಿ ವರ್ಷಕ್ಕೆ ಎಷ್ಟು ಕೆಡುತ್ತವೆ ಎಂಬುದನ್ನು ಬಹಿರಂಗವಾಗಿ ಪ್ರಕಟಿಸುತ್ತ ಬಂದಿದೆ. 2024ರಲ್ಲಿ ಆ ಪ್ರಮಾಣ ಶೇ 1.57. ಕಡಿಮೆ ಎನಿಸುತ್ತದೆ. ಆದರೆ ಸಾವಿರ ಡಿಸ್ಕು ಇರುವ ಕಡೆ ವರ್ಷಕ್ಕೆ ಹದಿನೈದು ಹದಿನಾರು ಡಿಸ್ಕು ಸಾಯುತ್ತವೆ ಎಂದರ್ಥ. ಒಂದೇ ಡಿಸ್ಕನ್ನು ನೆಚ್ಚಿಕೊಂಡವನಿಗೆ ಐದು ವರ್ಷದ ಲೆಕ್ಕ ಹಾಕಿದರೆ ಅಪಾಯ ಸುಮಾರು ಶೇ 7.6ಕ್ಕೆ ಬಂದು ನಿಲ್ಲುತ್ತದೆ. ಡಿಸ್ಕಿಗೆ ವಯಸ್ಸಾದಂತೆ ಇದು ಇನ್ನೂ ಏರುವಂಥದ್ದು. ತಿಂಗಳಿಗೆ ನೂರು ಇನ್ನೂರು ರೂಪಾಯಿಗೆ ಸಿಗುವ ಹೋಸ್ಟಿಂಗ್ ಹಿಡಿದು ಗೆಳೆಯರಿಗೆಲ್ಲ ಸರ್ವರ್ ನಡೆಸುವ ಕಾಲೇಜು ಹುಡುಗ ಈ ಲೆಕ್ಕ ಹಾಕಿರುವುದು ಅಪರೂಪ.

ದೊಡ್ಡವರೂ ಹಾಕಿರಲಿಲ್ಲ ಎಂಬುದು 2021ರ ಮಾರ್ಚ್ 10ರಂದು ಗೊತ್ತಾಯಿತು. ಅಂದು ನಡುರಾತ್ರಿ ಕಳೆದ ಮೇಲೆ ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್‌ಗೆ ಬೆಂಕಿ ಬಿತ್ತು. ಎಸ್‌ಬಿಜಿ2 ಎಂಬ ಕಟ್ಟಡ ಪೂರ್ತಿ ಸುಟ್ಟಿತು, ಪಕ್ಕದ ಎಸ್‌ಬಿಜಿ1ರ ಒಂದು ಭಾಗವೂ ಹೋಯಿತು. ಜೀವಹಾನಿ ಆಗಲಿಲ್ಲ. ‘ರಸ್ಟ್’ ಎಂಬ ಬಹುಜನರ ಆಟವನ್ನು ನಡೆಸುವ ಫೇಸ್‌ಪಂಚ್ ಸ್ಟುಡಿಯೋಸ್‌ನ 25 ಯುರೋಪಿಯನ್ ಸರ್ವರ್‌ಗಳು ಅಲ್ಲಿದ್ದವು. ಅವುಗಳಲ್ಲಿದ್ದದ್ದನ್ನು ಮರಳಿ ಪಡೆಯುವುದು ಸಾಧ್ಯವೇ ಇಲ್ಲ ಎಂದು ಕಂಪನಿ ತಿಳಿಸಿತು. ರಸ್ಟ್ ಆಡುವವರಿಗೆ ಕಳೆದುಕೊಳ್ಳುವುದು ಹೊಸದಲ್ಲ; ಅಲ್ಲಿ ಪ್ರತಿ ತಿಂಗಳ ಮೊದಲ ಗುರುವಾರ ಜಗತ್ತನ್ನು ಅಳಿಸಿ ಹೊಸದಾಗಿ ಆರಂಭಿಸುವ ‘ವೈಪ್’ ಪದ್ಧತಿಯೇ ಇದೆ. ಅದು ಮೊದಲೇ ಹೇಳಿ ಅಳಿಸುವುದು, ಆಟಗಾರ ಒಪ್ಪಿಕೊಂಡೇ ಆಡುತ್ತಾನೆ. ಬೆಂಕಿಗೆ ಅಂಥ ವೇಳಾಪಟ್ಟಿ ಇಲ್ಲ.

ಆ ಬೆಂಕಿಯ ಕತೆಯಲ್ಲಿ ನನಗೆ ಅತಿ ಮುಖ್ಯವೆನಿಸಿದ್ದು ಆಮೇಲೆ ನಡೆದ ಮೊಕದ್ದಮೆಗಳು. ಬ್ಯಾಕಪ್‌ಗೆಂದೇ ಹಣ ಕಟ್ಟಿದ್ದ ಗಿರಾಕಿಗಳಿದ್ದರು. ಅವರ ಪೈಕಿ ಒಂದು ಕಂಪನಿಯ ಬ್ಯಾಕಪ್ ಪ್ರತಿಯೂ ಅದೇ ಜಾಗದಲ್ಲಿತ್ತು, ಮೂಲದೊಂದಿಗೆ ಅದೂ ಸುಟ್ಟಿತು. 2023ರಲ್ಲಿ ಲೀಲ್ ನಗರದ ವಾಣಿಜ್ಯ ನ್ಯಾಯಾಲಯ ಓವಿಎಚ್ ಪರಿಹಾರ ಕೊಡಬೇಕೆಂದು ಆದೇಶಿಸಿತು. ದುಡ್ಡು ಕೊಟ್ಟು ಬ್ಯಾಕಪ್ ಕೊಂಡವರ ಪಾಡೇ ಹೀಗಾದರೆ ಉಚಿತವಾಗಿ ಆಡುವ ಹುಡುಗನ ಸ್ಕಿನ್ನಿಗೆ ಯಾರು ದಿಕ್ಕು? ಇದು ಖಾಸಗಿಯವರ ಅಸಡ್ಡೆ ಮಾತ್ರವೆಂದು ತಿಳಿಯಬೇಕಾಗಿಲ್ಲ. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜನ್ ನಗರದ ಸರ್ಕಾರಿ ಡೇಟಾ ಸೆಂಟರ್‌ನಲ್ಲಿ ಬ್ಯಾಟರಿಗೆ ಬೆಂಕಿ ಹತ್ತಿ, ಅಧಿಕಾರಿಗಳು ಕಡತ ಇಟ್ಟುಕೊಳ್ಳುತ್ತಿದ್ದ 858 ಟೆರಾಬೈಟ್‌ನ ಸಂಗ್ರಹ ಬೂದಿಯಾಯಿತು. ಅದಕ್ಕೆ ಹೊರಗೆಲ್ಲೂ ಬ್ಯಾಕಪ್ ಇರಲಿಲ್ಲ. ಆನ್‌ಲೈನ್ ಆಟಗಳ ತವರು ಎನಿಸಿಕೊಂಡ ದೇಶದ ಸರ್ಕಾರದ ಸ್ಥಿತಿ ಇದು.

ಬ್ಯಾಕಪ್ ಇದ್ದರೂ ಸಾಲದು, ಅದು ಕೆಲಸಕ್ಕೆ ಬರುತ್ತದೆಯೇ ಎಂದು ನೋಡಿರಬೇಕು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಕಂಪನಿಯಲ್ಲಿ ದಣಿದಿದ್ದ ಎಂಜಿನಿಯರ್ ಒಬ್ಬರು ತಪ್ಪು ಯಂತ್ರದಲ್ಲಿ ಅಳಿಸುವ ಆಜ್ಞೆ ಕೊಟ್ಟರು, ಸುಮಾರು 300 ಗಿಗಾಬೈಟ್‌ನ ಡೇಟಾಬೇಸ್ ಕೆಲವೇ ಕ್ಷಣಗಳಲ್ಲಿ ಹೋಯಿತು. ಕಾಪಾಡಲು ಐದು ಬಗೆಯ ಏರ್ಪಾಡು ಇದ್ದವು. ಒಂದೂ ನೆಟ್ಟಗೆ ಕೈಹಿಡಿಯಲಿಲ್ಲ. ದಿನವೂ ಪ್ರತಿ ತೆಗೆಯಬೇಕಿದ್ದ ತಂತ್ರಾಂಶ ಡೇಟಾಬೇಸಿಗೆ ಹೊಂದದ ಹಳೆಯ ಆವೃತ್ತಿಯದಾಗಿದ್ದು ಸದ್ದಿಲ್ಲದೆ ಸೋಲುತ್ತಿತ್ತು. ಸೋತೆನೆಂದು ಅದು ಕಳಿಸುತ್ತಿದ್ದ ಮೇಲ್‌ಗಳು ತಲುಪುತ್ತಲೇ ಇರಲಿಲ್ಲ. ಆರು ಗಂಟೆ ಮೊದಲು ಬೇರಾವುದೋ ಕೆಲಸಕ್ಕೆ ಕೈಯಾರೆ ತೆಗೆದಿದ್ದ ಒಂದು ಪ್ರತಿ ಸಿಕ್ಕಿದ್ದರಿಂದ ನಷ್ಟ ಆರು ಗಂಟೆಗೆ ನಿಂತಿತು. ಗಿಟ್‌ಲ್ಯಾಬ್ ಆಟದ ಕಂಪನಿಯಲ್ಲ. ಆದರೂ ಹೇಳುತ್ತಿದ್ದೇನೆ, ಏಕೆಂದರೆ ನಡೆದದ್ದನ್ನು ಅದು ಮುಚ್ಚಿಡದೆ ಇಡೀ ಜಗತ್ತಿಗೆ ಬರೆದು ತಿಳಿಸಿತು. ಆಟದ ಕಂಪನಿಗಳಲ್ಲಿ ಇಂಥ ಪ್ರಾಮಾಣಿಕತೆ ವಿರಳ.

ವಿರಳ ಎಂದೆ, ಇಲ್ಲವೇ ಇಲ್ಲ ಎನ್ನಲಿಲ್ಲ. 2021ರ ಅಕ್ಟೋಬರ್ 28ರಿಂದ 31ರವರೆಗೆ ರೋಬ್ಲಾಕ್ಸ್ 73 ಗಂಟೆ ಸ್ತಬ್ಧವಾಗಿತ್ತು. ದಿನಕ್ಕೆ ಐದು ಕೋಟಿ ಜನ ಬರುತ್ತಿದ್ದ ಆಟ. ಆ ಕಂಪನಿಯೂ ಕಾರಣವನ್ನು ವಿವರವಾಗಿ ಪ್ರಕಟಿಸಿತು, ಆಟಗಾರರ ಸಂಗ್ರಹಕ್ಕೆ ಹಾನಿಯಾಗಿಲ್ಲವೆಂದೂ ತಿಳಿಸಿತು. ಅಂದರೆ ಶ್ರದ್ಧೆ ಇದ್ದರೆ ಉಳಿಸಬಹುದು. ಇನ್ನೊಂದು ಕಡೆ 2004ರಿಂದ ನಡೆಯುತ್ತಿರುವ, ಅನುಭವದಲ್ಲಿ ಯಾರಿಗೂ ಕಡಿಮೆಯಿಲ್ಲದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ 2024ರಲ್ಲಿ ಗಿಲ್ಡ್ ಬ್ಯಾಂಕ್‌ಗಳಿಂದ ವಸ್ತುಗಳು ಮಾಯವಾದವು. ಗಿಲ್ಡ್ ಬ್ಯಾಂಕ್ ಎಂದರೆ ಒಂದು ಗುಂಪು ವರ್ಷಗಟ್ಟಲೆ ಸೇರಿ ಕೂಡಿಟ್ಟ ಉಗ್ರಾಣ. ಅದರಲ್ಲಿ ಎಲ್ಲವನ್ನೂ ಮರಳಿಸುವುದು ತಮ್ಮಿಂದಾಗದು ಎಂದು ಬ್ಲಿಝಾರ್ಡ್ ಕಂಪನಿ ಆ ನವೆಂಬರ್‌ನಲ್ಲಿ ಒಪ್ಪಿಕೊಳ್ಳಬೇಕಾಯಿತು.

ಕಳ್ಳತನದ ದಾರಿಯೂ ಒಂದಿದೆ, ಅದು ಎಲ್ಲರಿಗೂ ಗೊತ್ತಿರುವುದರಿಂದ ಬೆಳೆಸುವುದಿಲ್ಲ. ತಿಂಗಳಿಗೆ ಸುಮಾರು 77,000 ಖಾತೆಗಳನ್ನು ಕಳ್ಳರು ವಶಪಡಿಸಿಕೊಂಡು ದೋಚುತ್ತಿದ್ದಾರೆಂದು ಸ್ಟೀಮ್ ಎಂಬ ಆಟದ ಮಳಿಗೆಯ ಒಡೆಯ ವಾಲ್ವ್ ಕಂಪನಿಯೇ 2015ರ ಡಿಸೆಂಬರ್‌ನಲ್ಲಿ ಹೇಳಿತ್ತು. ಅಗ್ಗದ ಯುಸಿ, ಉಚಿತ ಡೈಮಂಡ್ ಎಂದು ಬರುವ ಲಿಂಕುಗಳು ನಮ್ಮ ಮಕ್ಕಳ ಪಾಲಿನ ಬಲೆಗಳು.

ಇವೆಲ್ಲಕ್ಕಿಂತ ದೊಡ್ಡ ನಷ್ಟ ಬರಲಿರುವುದು ಯಂತ್ರ ಕೆಟ್ಟು ಅಲ್ಲ, ಯಂತ್ರ ಸರಿಯಾಗಿ ನಡೆಯುತ್ತಿರುವಾಗಲೇ ಯಾರೋ ಅದನ್ನು ಆರಿಸುವುದರಿಂದ. ಒಂದು ಕಾಲಕ್ಕೆ ಫೇಸ್‌ಬುಕ್ ತೆರೆದವರೆಲ್ಲ ಬಿತ್ತಿ ಬೆಳೆಯುತ್ತಿದ್ದ ಫಾರ್ಮ್‌ವಿಲ್ 2020ರ ಡಿಸೆಂಬರ್ 31ಕ್ಕೆ ಮುಗಿಯಿತು. ಅದು ನಿಂತಿದ್ದ ಫ್ಲ್ಯಾಶ್ ತಂತ್ರಜ್ಞಾನವನ್ನೇ ಅಡೋಬಿ ಕೈಬಿಟ್ಟಿತ್ತು. ಯೂಬಿಸಾಫ್ಟ್ ಕಂಪನಿಯ ‘ದಿ ಕ್ರ್ಯೂ’ ಎಂಬ ಕಾರು ಓಟದ ಆಟ 2014ರಲ್ಲಿ ಬಂದು 2024ರ ಮಾರ್ಚ್ 31ರಂದು ನಿಂತಿತು. ಒಬ್ಬನೇ ಆಡಿದರೂ ಸರ್ವರ್ ಬೇಕೇಬೇಕು ಎನ್ನುವಂತೆ ಅದನ್ನು ಕಟ್ಟಿದ್ದರು. ಪೂರ್ತಿ ಬೆಲೆ ತೆತ್ತು ಡಿಸ್ಕು ಕೊಂಡವರ ಕೈಯಲ್ಲಿ ಡಿಸ್ಕು ಉಳಿಯಿತು, ಆಟ ಉಳಿಯಲಿಲ್ಲ. ಸೋನಿಯ ‘ಕಾನ್ಕಾರ್ಡ್’ 2024ರ ಆಗಸ್ಟ್ 23ಕ್ಕೆ ಬಿಡುಗಡೆಯಾಗಿ ಸೆಪ್ಟೆಂಬರ್ 6ಕ್ಕೆ ಮುಚ್ಚಿತು. ಅದರ ಹಣವನ್ನಾದರೂ ವಾಪಸು ಕೊಟ್ಟರು. ಚೀನಾದಲ್ಲಿ ಬ್ಲಿಝಾರ್ಡ್‌ಗೂ ಅಲ್ಲಿನ ಪಾಲುದಾರ ನೆಟ್‌ಈಸ್‌ಗೂ ಒಪ್ಪಂದ ಮುರಿದುಬಿದ್ದು 2023ರ ಜನವರಿ 23ರಂದು ವಾರ್‌ಕ್ರಾಫ್ಟ್ ಸರ್ವರ್‌ಗಳು ಆರಿದವು. ಎರಡೂ ಕಂಪನಿಗಳು ರಾಜಿಯಾಗಿ ಆಟ ಮರಳಿದ್ದು 2024ರಲ್ಲಿ. ನಡುವೆ ಆಟಗಾರರ ಮಾತು ಕೇಳುವವರಿರಲಿಲ್ಲ.

ನಮ್ಮಲ್ಲಿ ಮತ್ತೆ ಹೀಗಾಗದೇ? ಆಗಲೇ ಆಗಿದೆ. 2022ರ ಫೆಬ್ರುವರಿಯಲ್ಲಿ ಫ್ರೀ ಫೈರ್ ನಿಷೇಧಗೊಂಡ 54 ಆ್ಯಪ್‌ಗಳ ಪಟ್ಟಿಗೆ ಸೇರಿತು. ಅದರ ಮ್ಯಾಕ್ಸ್ ಆವೃತ್ತಿ ಅದೇ ಖಾತೆಯಲ್ಲಿ ನಡೆಯುತ್ತಿದ್ದುದರಿಂದ ಆಡುವವರು ಹೇಗೋ ಪಾರಾದರು. ಅದೇ ವರ್ಷದ ಜುಲೈ 28ರಂದು ಬಿಜಿಎಂಐಯೂ ಆ್ಯಪ್ ಅಂಗಡಿಗಳಿಂದ ಮಾಯವಾಗಿ, ಮರಳಿ ಬಂದದ್ದು 2023ರ ಮೇ ತಿಂಗಳಲ್ಲಿ, ಅದೂ ಮೂರು ತಿಂಗಳ ಪ್ರಯೋಗದ ಷರತ್ತಿನ ಮೇಲೆ. ನಿಷೇಧದ ಕಾರಣಗಳು ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ದೇಶದ ಭದ್ರತೆಗೆ ಬೇಕೆನಿಸಿದಾಗ ಸರ್ಕಾರ ಅಂಥ ಕ್ರಮ ತೆಗೆದುಕೊಳ್ಳುತ್ತದೆ. ಆದರೆ ಆಟಗಾರ ಹಣ ಕೊಟ್ಟು ಕೊಂಡದ್ದರ ಗತಿಯೇನು ಎಂಬ ಪ್ರಶ್ನೆಯನ್ನು ಆ ಆದೇಶಗಳ ಹೊತ್ತಿನಲ್ಲಿ ಯಾರೂ ಎತ್ತಲಿಲ್ಲ.

ಮುಂದೆ ಹಾನಿ ಹೆಚ್ಚೀತೆಂದು ಹೇಳಲು ಕಾರಣಗಳಿವೆ. ಹಿಂದೆ ಆಟದ ಪ್ರಗತಿ ಕಂಪ್ಯೂಟರಿನಲ್ಲಿಯೋ ಮೆಮೊರಿ ಕಾರ್ಡಿನಲ್ಲಿಯೋ ಇರುತ್ತಿತ್ತು. ಈಗ ಜನಪ್ರಿಯ ಮೊಬೈಲ್ ಆಟಗಳಲ್ಲಿ ಅದು ದೂರದ ಸರ್ವರ್‌ನಲ್ಲಿ ಮಾತ್ರ ಇರುತ್ತದೆ. ಆ ಸರ್ವರ್‌ಗಳೂ ಕೆಲವೇ ಕ್ಲೌಡ್ ಕಂಪನಿಗಳ ಕೆಲವೇ ಕೇಂದ್ರಗಳಿಗೆ ಒಟ್ಟಾಗುತ್ತಿವೆ. 2025ರ ಅಕ್ಟೋಬರ್ 20ರಂದು ಅಮೆರಿಕದ ವರ್ಜೀನಿಯಾದಲ್ಲಿ ಅಮೆಜಾನ್‌ನ ಒಂದು ವಲಯ ಎಡವಿದ್ದಕ್ಕೆ ರೋಬ್ಲಾಕ್ಸ್, ಫೋರ್ಟ್‌ನೈಟ್ ಸೇರಿ ಒಂದಕ್ಕೊಂದು ಸಂಬಂಧವಿಲ್ಲದ ಎಷ್ಟೋ ಆಟಗಳು ಒಟ್ಟಿಗೇ ನಿಂತವು. ಅವು ಗಂಟೆಗಳಲ್ಲಿ ಎದ್ದವು, ಆದರೆ ಎಲ್ಲರ ಗಂಟೂ ಒಂದೇ ಮಾಡಿನ ಕೆಳಗಿದೆ ಎಂಬುದು ಅಂದು ಕಣ್ಣಿಗೆ ಕಂಡಿತು. ಜೊತೆಗೆ ಈ ಆಟಗಳಿಗೆ ವಯಸ್ಸಾಗುತ್ತಿದೆ. ಕ್ಲ್ಯಾಶ್ ಆಫ್ ಕ್ಲ್ಯಾನ್ಸ್ 2012ರದು, ಫ್ರೀ ಫೈರ್ 2017ರದು, ಪಬ್‌ಜಿ ಮೊಬೈಲ್ 2018ರದು. ಆದಾಯ ಖರ್ಚಿಗಿಂತ ಕೆಳಗಿಳಿದ ದಿನ ಯಾವ ಕಂಪನಿಯೂ ಸರ್ವರ್‌ನ ಕರೆಂಟು ಬಿಲ್ಲು ಕಟ್ಟುವುದಿಲ್ಲ. ಹಳೆಯ ಆಟಗಳ ಗತಿ ನೋಡಿದವರಿಗೆ ಇದು ಹೊಸದೆನಿಸದು. 2010ಕ್ಕೆ ಮೊದಲು ಅಮೆರಿಕದಲ್ಲಿ ಬಂದ ಆಟಗಳಲ್ಲಿ ಶೇ 87ರಷ್ಟು ಇವತ್ತು ಮಾರುಕಟ್ಟೆಯಲ್ಲಿ ಕೊಳ್ಳಲು ಸಿಗುವುದೇ ಇಲ್ಲ ಎಂದು ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರ ಅಧ್ಯಯನದಲ್ಲಿ ತೋರಿಸಿದೆ. ಅವುಗಳಲ್ಲಿ ಹೆಚ್ಚಿನವು ಸರ್ವರ್ ಬೇಡದ ಆಟಗಳು. ಹಳೆಯ ಕ್ಯಾಸೆಟ್ಟೋ ಸಿಡಿಯೋ ಸಿಕ್ಕರೆ ಇನ್ನೂ ಆಡಬಹುದು. ಈಗಿನವಕ್ಕೆ ಆ ಆಸೆಯೂ ಇಲ್ಲ.

‘ಆಟ ತಾನೆ, ಹೋದರೆ ಹೋಯಿತು’ ಎನ್ನುವ ಹಿರಿಯರಿಗೆ ನಾರ್ವೆಯ ಮ್ಯಾಟ್ಸ್ ಸ್ಟೀನ್ ಅವರ ಬದುಕನ್ನು ಹೇಳಬೇಕು. ಸ್ನಾಯುಗಳು ಕ್ಷಯಿಸುವ ಡುಶೆನ್ ಕಾಯಿಲೆಯಿಂದ ಗಾಲಿಕುರ್ಚಿ ಹಿಡಿದಿದ್ದ ಆತ 2014ರಲ್ಲಿ 25ನೆಯ ವಯಸ್ಸಿಗೆ ತೀರಿಕೊಂಡರು. ಮಗ ಒಂಟಿಯಾಗಿ ಆಟದ ಮುಂದೆ ಕೂತು ಬದುಕು ಸವೆಸಿದನೆಂದು ತಂದೆ ತಾಯಿ ಕೊರಗಿದ್ದರು. ಸಾವಿನ ಸುದ್ದಿ ತಿಳಿಸಿದ ಮೇಲೆ ಯುರೋಪಿನ ನಾನಾ ಕಡೆಯಿಂದ ಪತ್ರಗಳು ಬರತೊಡಗಿದವು. ವಾರ್‌ಕ್ರಾಫ್ಟ್‌ನ ಒಂದು ಗಿಲ್ಡಿನಲ್ಲಿ ‘ಇಬೆಲಿನ್’ ಎಂಬ ಹೆಸರಿನಲ್ಲಿ ಆತ ಎಷ್ಟೋ ಜನಕ್ಕೆ ಆಪ್ತನಾಗಿದ್ದ, ಕಷ್ಟದಲ್ಲಿ ಮಾತು ಕೊಟ್ಟಿದ್ದ. ಬೆಂಜಮಿನ್ ರೀ ನಿರ್ದೇಶಿಸಿದ 2024ರ ಸಾಕ್ಷ್ಯಚಿತ್ರ ಆ ಬದುಕನ್ನು ಮತ್ತೆ ಕಟ್ಟಿ ತೋರಿಸಿತು. ಅದು ಸಾಧ್ಯವಾದದ್ದು ಆಟದೊಳಗಿನ ಮಾತುಕತೆ, ನಡೆಗಳ ದಾಖಲೆಯನ್ನು ಗಿಲ್ಡಿನವರೇ ಸಾವಿರಾರು ಪುಟಗಳಷ್ಟು ಉಳಿಸಿಕೊಂಡಿದ್ದರಿಂದ. ಸರ್ವರ್ ಉಳಿಸೀತೆಂದು ನೆಚ್ಚಿ ಕೂತಿದ್ದರೆ ಆ ತಂದೆ ತಾಯಿಗೆ ಮಗನ ಈ ಬದುಕು ಇಷ್ಟು ವಿವರವಾಗಿ ಸಿಗುತ್ತಿರಲಿಲ್ಲ. ಲಾಕ್‌ಡೌನ್‌ನಲ್ಲಿ ನಮ್ಮ ಮಕ್ಕಳ ಗೆಳೆತನಗಳು ಬೆಳೆದದ್ದೂ ಇಂಥ ಕಡೆಗಳಲ್ಲೇ.

ಕಾನೂನು ಏನು ಹೇಳುತ್ತದೆ? ಬೀಜಿಂಗ್‌ನ ಒಂದು ನ್ಯಾಯಾಲಯ 2003ರಷ್ಟು ಹಿಂದೆಯೇ ಆಟಗಾರನೊಬ್ಬ ಕಳೆದುಕೊಂಡ ಆಟದ ಆಯುಧಗಳನ್ನು ಮರಳಿಸುವಂತೆ ಕಂಪನಿಗೆ ಹೇಳಿತು. 2021ರಿಂದ ಜಾರಿಯಲ್ಲಿರುವ ಚೀನಾದ ನಾಗರಿಕ ಸಂಹಿತೆ ಇಂಥ ಆಸ್ತಿಯನ್ನು ಹೆಸರಿಸಿಯೇ ಪ್ರಸ್ತಾಪಿಸುತ್ತದೆ. ನೆದರ್ಲೆಂಡ್ಸ್‌ನ ಸುಪ್ರೀಂ ಕೋರ್ಟ್ 2012ರ ಜನವರಿ 31ರಂದು, ರೂನ್‌ಸ್ಕೇಪ್ ಆಟದ ತಾಯಿತ ಮತ್ತು ಮುಖವಾಡವನ್ನು ಬಾಲಕನೊಬ್ಬನಿಂದ ಹೊಡೆದು ಕಿತ್ತುಕೊಂಡದ್ದು ಕಳ್ಳತನವೇ ಎಂದು ತೀರ್ಪಿತ್ತಿತು. ಅವನ್ನು ಗಳಿಸಲು ಹಾಕಿದ ಸಮಯ ಮತ್ತು ಶ್ರಮಕ್ಕೆ ಬೆಲೆ ಇದೆ ಎಂಬುದು ಅದರ ತರ್ಕ. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ, ಕೊಡುತ್ತಿರುವುದು ಪರವಾನಗಿ ಮಾತ್ರ ಎಂದು ಸ್ಪಷ್ಟವಾಗಿ ತಿಳಿಸದೆ ಡಿಜಿಟಲ್ ಸರಕಿಗೆ ‘ಖರೀದಿಸಿ’ ಎಂಬ ಗುಂಡಿ ಇಡುವಂತಿಲ್ಲ. ‘ದಿ ಕ್ರ್ಯೂ’ ಮುಚ್ಚಿದ ಸಿಟ್ಟಿನಲ್ಲಿ ರಾಸ್ ಸ್ಕಾಟ್ ಎಂಬವರು ಆರಂಭಿಸಿದ ಚಳವಳಿಯ ಬೆನ್ನಲ್ಲೇ, ಆಟ ನಿಲ್ಲಿಸುವಾಗ ಅದನ್ನು ಆಡಬಲ್ಲ ಸ್ಥಿತಿಯಲ್ಲಿ ಬಿಟ್ಟುಹೋಗಬೇಕೆಂಬ ಯುರೋಪಿನ ನಾಗರಿಕರ ಮನವಿಗೆ 2025ರ ಜುಲೈ ಹೊತ್ತಿಗೆ ಹತ್ತು ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಕಂಪನಿಗಳು ಹೇಳುವುದರಲ್ಲೂ ಹುರುಳಿದೆ. ಆಟದಲ್ಲಿ ಬಳಸಿದ ನಿಜವಾದ ಕಾರುಗಳ, ಹಾಡುಗಳ ಪರವಾನಗಿಗೆ ಅವಧಿ ಇರುತ್ತದೆ, ಸರ್ವರ್ ತಂತ್ರಾಂಶ ಹೊರಗೆ ಕೊಟ್ಟರೆ ಭದ್ರತೆಯ ತೊಡಕು ಬರುತ್ತದೆ. ಆದರೆ ಇವೆಲ್ಲ ಆಟ ಮಾರುವ ದಿನವೇ ಗೊತ್ತಿರುವ ಸಂಗತಿಗಳು. ಗೊತ್ತಿದ್ದದ್ದನ್ನು ಕೊಳ್ಳುವವನಿಗೂ ಹೇಳಬೇಕಿತ್ತು.

ಭಾರತದಲ್ಲಿ 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿತು, ಇ-ಸ್ಪೋರ್ಟ್ಸ್‌ಗೆ ಮನ್ನಣೆ ಕೊಟ್ಟಿತು. ಆಟ ಮುಚ್ಚಿದಾಗ ಆಟಗಾರನ ಗಂಟು ಏನಾಗಬೇಕು ಎಂಬುದು ಅದರ ವಿಷಯವಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಒಂದು ಬಾಗಿಲಿದೆ. ಸಕಾರಣವಿಲ್ಲದೆ ಒಬ್ಬರೇ ಕರಾರು ಮುಗಿಸಬಹುದೆಂಬ ಷರತ್ತನ್ನು ಅದು ‘ಅನ್ಯಾಯದ ಕರಾರು’ಗಳ ಸಾಲಿಗೆ ಸೇರಿಸುತ್ತದೆ. ಆದರೆ ಅಂಥ ದೂರು ಜಿಲ್ಲಾ ಆಯೋಗಕ್ಕೆ ಹೋಗುವಂತಿಲ್ಲ, ರಾಜ್ಯ ಆಯೋಗಕ್ಕೋ ರಾಷ್ಟ್ರೀಯ ಆಯೋಗಕ್ಕೋ ಹೋಗಬೇಕು. ಐನೂರು ರೂಪಾಯಿಯ ಸ್ಕಿನ್ನಿಗಾಗಿ ರಾಯಚೂರಿನಿಂದ ಬೆಂಗಳೂರಿನವರೆಗೆ ಯಾರು ಅಲೆಯುತ್ತಾರೆ? ಅದೇ ಕಾಯ್ದೆ ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ಮಾರ್ಗಸೂಚಿ ಹೊರಡಿಸುವ ಅಧಿಕಾರ ಕೊಟ್ಟಿದೆ. ಹೊಸ ಮಸೂದೆ ಬೇಕಿಲ್ಲ. ಮುಚ್ಚುವ ಮುನ್ನ ಇಷ್ಟು ತಿಂಗಳ ಸೂಚನೆ ಕೊಡಬೇಕು, ಸೂಚನೆ ಕೊಟ್ಟ ದಿನದಿಂದ ಆಟದೊಳಗಿನ ಮಾರಾಟ ನಿಲ್ಲಿಸಬೇಕು, ಖರ್ಚಾಗದೆ ಉಳಿದ ಯುಸಿ, ಡೈಮಂಡುಗಳ ಹಣ ಮರಳಿಸಬೇಕು, ಆಟಗಾರ ತನ್ನ ದಾಖಲೆಯನ್ನು ಇಳಿಸಿಕೊಳ್ಳಲು ದಾರಿ ಮಾಡಿಕೊಡಬೇಕು ಎಂದು ಪ್ರಾಧಿಕಾರ ಹೇಳಬಹುದು. ಬಿಜಿಎಂಐ ನಡೆಸುವ ಕ್ರಾಫ್ಟನ್‌ನ ಭಾರತದ ಕಚೇರಿ ಬೆಂಗಳೂರಿನಲ್ಲೇ ಇದೆ. ಈ ಮಾತನ್ನು ಕರ್ನಾಟಕದಿಂದಲೇ ಆರಂಭಿಸಲು ಅಡ್ಡಿಯೇನಿಲ್ಲ.

ಅಲ್ಲಿಯವರೆಗೆ ಮನೆಯಲ್ಲಿ ಮಾಡಬಹುದಾದದ್ದನ್ನು ಮುಂದೂಡಬಾರದು. ಮಕ್ಕಳು ‘ಗೆಸ್ಟ್’ ಆಗಿ ಆಡುತ್ತಿದ್ದರೆ ಇವತ್ತೇ ಆ ಆಟವನ್ನು ಒಂದು ಭದ್ರ ಖಾತೆಗೆ ಜೋಡಿಸಿಕೊಡಿ, ಎರಡು ಹಂತದ ಲಾಗಿನ್ ಹಾಕಿ, ಕೊಂಡದ್ದರ ರಸೀದಿಯ ಮೇಲ್‌ಗಳನ್ನು ಅಳಿಸಬೇಡಿ. ಆಪ್ತ ಗೆಳೆಯರ ಫೋನ್ ನಂಬರು ಆಟದ ಪಟ್ಟಿಯಿಂದಾಚೆಗೂ ಬರೆದಿಟ್ಟುಕೊಳ್ಳಲಿ. ಸ್ವಂತ ಮೈನ್‌ಕ್ರಾಫ್ಟ್ ಸರ್ವರ್ ನಡೆಸುವವರು ಅದು ಓಡುತ್ತಿರುವಾಗಲೇ ಫೋಲ್ಡರ್ ನಕಲು ಮಾಡಿದರೆ ಕೆಲವು ಫೈಲು ಹಳತು, ಕೆಲವು ಹೊಸತಾಗಿ, ಮೇಲೆ ಹೇಳಿದ ಗುದ್ದಲಿಯ ತೊಡಕೇ ಬ್ಯಾಕಪ್‌ನೊಳಗೂ ಸೇರಿಕೊಳ್ಳುತ್ತದೆ. ಸರ್ವರ್ ನಿಲ್ಲಿಸಿ ನಕಲು ಮಾಡುವುದು ಲೇಸು. ಆಗದಿದ್ದರೆ ಕನ್ಸೋಲಿನಲ್ಲಿ ‘ಸೇವ್-ಆಫ್’ ಕೊಟ್ಟು, ‘ಸೇವ್-ಆಲ್’ ಮಾಡಿ, ನಕಲು ಮುಗಿದ ಮೇಲೆ ‘ಸೇವ್-ಆನ್’ ಕೊಡಿ. ಛಾಯಾಗ್ರಾಹಕ ಪೀಟರ್ ಕ್ರೋ ಜನಪ್ರಿಯಗೊಳಿಸಿದ 3-2-1 ಕ್ರಮ ಇಲ್ಲಿಗೂ ಒಪ್ಪುತ್ತದೆ: ಮೂರು ಪ್ರತಿ, ಎರಡು ಬಗೆಯ ಸಂಗ್ರಹ, ಅದರಲ್ಲಿ ಒಂದು ಬೇರೆ ಊರಿನಲ್ಲಿ. ನಕಲು ತೆಗೆದ ಮೇಲೆ ಇನ್ನೊಂದು ಕಂಪ್ಯೂಟರಿನಲ್ಲಿ ಅದನ್ನು ಹಾಕಿ, ಸರ್ವರ್ ಎಬ್ಬಿಸಿ, ಒಳಗೆ ಹೋಗಿ ಎರಡು ಮೂರು ಪೆಟ್ಟಿಗೆ ತೆರೆದು ನೋಡಿ. ಗಿಟ್‌ಲ್ಯಾಬ್‌ನವರು ಮಾಡದೆ ಬಿಟ್ಟಿದ್ದದ್ದು ಇದೇ ಕೆಲಸ, ಮತ್ತು ಇದಕ್ಕೆ ಬೇಕಾದದ್ದು ಒಂದು ಭಾನುವಾರದ ಮಧ್ಯಾಹ್ನ.